ಮಗನ ಕಂತು, ಅಪ್ಪನ ಬಡ್ಡಿ

2025ರ ಜೂನ್ 6ರಂದು ರಿಸರ್ವ್ ಬ್ಯಾಂಕ್ ರೆಪೊ ದರವನ್ನು ಶೇ 6ರಿಂದ ಶೇ 5.5ಕ್ಕೆ ಇಳಿಸಿತು. ಫೆಬ್ರುವರಿ ಆರಂಭದಲ್ಲಿ ಶೇ 6.5 ಇದ್ದದ್ದು ನಾಲ್ಕೇ ತಿಂಗಳಲ್ಲಿ ಪೂರ್ತಿ ಒಂದು ಅಂಶ ಕೆಳಗೆ ಬಂದಿತ್ತು. ಇಂಥ ದಿನಗಳಲ್ಲಿ ಕನ್ನಡದ ವಾಹಿನಿ, ಪತ್ರಿಕೆಗಳಲ್ಲಿ ಒಂದು ಪದ ತಪ್ಪದೆ ಹಾಜರಿರುತ್ತದೆ: ಸಿಹಿಸುದ್ದಿ. ಕನ್ನಡದಲ್ಲಿ ಸಿಹಿಸುದ್ದಿ ಒಂಟಿಯಾಗಿ ನಿಲ್ಲುವುದಿಲ್ಲ, ಅದಕ್ಕೊಂದು ಚತುರ್ಥಿ ವಿಭಕ್ತಿ ಬೇಕು. ಯಾರಿಗೆ? ಗೃಹಸಾಲ ಪಡೆದವರಿಗೆ, ಕಾರು ಕೊಳ್ಳುವವರಿಗೆ, ಉದ್ಯಮಿಗಳಿಗೆ. ಅದೇ ನಿರ್ಧಾರದಿಂದ ಆದಾಯ ಕಳೆದುಕೊಂಡವರು ಯಾರು ಎಂದು ಕೇಳುವ ಶೀರ್ಷಿಕೆ ಬಲು ಅಪರೂಪ. ಬಡ್ಡಿದರ ಎಂಬುದು ತಕ್ಕಡಿ. ಒಂದು ತಟ್ಟೆ ಇಳಿದರೆ ಇನ್ನೊಂದು ಏರಲೇಬೇಕು. ನೋಡುವವರ ಕಣ್ಣು ಮಾತ್ರ ಒಂದೇ ತಟ್ಟೆಯ ಮೇಲೆ.

ಎರಡೂ ತಟ್ಟೆಗಳನ್ನು ಒಂದೇ ಮನೆಯಲ್ಲಿಟ್ಟು ನೋಡಬಹುದು. ಪುಣೆಯಲ್ಲಿ ಮಗ 50 ಲಕ್ಷ ರೂಪಾಯಿ ಗೃಹಸಾಲವನ್ನು 20 ವರ್ಷಕ್ಕೆ ತೆಗೆದುಕೊಂಡಿದ್ದಾನೆ. ಕುಂದಾಪುರದಲ್ಲಿ ಅಪ್ಪ 20 ಲಕ್ಷ ರೂಪಾಯಿ ಠೇವಣಿಯ ಬಡ್ಡಿಯಲ್ಲಿ ಬದುಕುತ್ತಿದ್ದಾನೆ ಎಂದುಕೊಳ್ಳಿ. ಸಾಲದ ದರ ಶೇ 8.5ರಿಂದ 7.5ಕ್ಕೆ ಇಳಿದರೆ ಮಗನ ಕಂತು ತಿಂಗಳಿಗೆ ಸುಮಾರು 43,400ರಿಂದ 40,300ಕ್ಕೆ ಇಳಿಯುತ್ತದೆ. ಅಪ್ಪನ ಠೇವಣಿ ನವೀಕರಣಕ್ಕೆ ಬಂದಾಗ ದರ ಶೇ 7.5ರಿಂದ 6.5ಕ್ಕೆ ಇಳಿದಿದ್ದರೆ ತಿಂಗಳ ಬಡ್ಡಿ 12,500ರಿಂದ 10,830ರ ಆಸುಪಾಸಿಗೆ ಇಳಿಯುತ್ತದೆ. ಮಗನ ಖರ್ಚಿನಲ್ಲಿ ಉಳಿದದ್ದು ಕಂತಿನ ಶೇ 7ರಷ್ಟು. ಅಪ್ಪನ ಆದಾಯದಲ್ಲಿ ಹೋದದ್ದು ಶೇ 13ರಷ್ಟು.

ಅರ್ಥಶಾಸ್ತ್ರ ಬಲ್ಲವರ ಉತ್ತರ ಸಿದ್ಧವಾಗಿಯೇ ಇರುತ್ತದೆ. ಮನೆಯೊಟ್ಟಿಗೆ ನೋಡಿದರೆ ಲಾಭವೇ ಆಯಿತಲ್ಲ? ಮಗ ಉಳಿಸಿದ 3,100ರಲ್ಲಿ 1,700ನ್ನು ಅಪ್ಪನಿಗೆ ಕಳಿಸಿದರೂ ಅವನ ಕೈಯಲ್ಲಿ 1,400 ಉಳಿಯುತ್ತದೆ. ಲೆಕ್ಕ ಸರಿ. ಆದರೆ ಆ 1,700ನ್ನು ಕಳಿಸುವವರು ಯಾರು? ಕಳಿಸಬೇಕೆಂದು ಮಗನಿಗೆ ಹೇಳಿದವರು ಯಾರು? ಮುಂಬೈಯಲ್ಲಿ ಕೂತು ದರ ನಿರ್ಧರಿಸುವ ಆರು ಮಂದಿಯ ಸಮಿತಿಯ ಯಾವ ನಿರ್ಣಯದಲ್ಲೂ ಈ ಮನಿಯಾರ್ಡರಿನ ಪ್ರಸ್ತಾಪವಿಲ್ಲ. ಹಾಗಿದ್ದರೂ ಇಡೀ ದೇಶದ ಹಣನೀತಿ, ಮುದುಕರ ಮಟ್ಟಿಗೆ, ನಿಂತಿರುವುದು ಆ ಮನಿಯಾರ್ಡರಿನ ಮೇಲೆ. ಕಳಿಸುವ ಮಗನಿಲ್ಲದವರನ್ನು, ಇದ್ದೂ ಕಳಿಸದ ಮಗನಿರುವವರನ್ನು, ಮಗಳ ಮನೆಯಿಂದ ದುಡ್ಡು ಕೇಳಲು ನಾಚುವವರನ್ನು ಈ ಲೆಕ್ಕ ಎಲ್ಲಿ ಇಟ್ಟಿದೆ?

ತಕ್ಕಡಿಯ ಎರಡು ತಟ್ಟೆಗಳು ಸಮ ವೇಗದಲ್ಲಿ ಅಲುಗಾಡುವುದೂ ಇಲ್ಲ. 2019ರ ಅಕ್ಟೋಬರ್ 1ರಿಂದ ಬ್ಯಾಂಕುಗಳು ಹೊಸ ಗೃಹಸಾಲದ ಬದಲಾಗುವ ದರವನ್ನು ರೆಪೊದಂಥ ಹೊರಗಿನ ಮಾನದಂಡಕ್ಕೆ ಕಟ್ಟಬೇಕೆಂದು ರಿಸರ್ವ್ ಬ್ಯಾಂಕೇ ಕಡ್ಡಾಯ ಮಾಡಿತು. ಠೇವಣಿಗೆ ಅಂಥ ಕಟ್ಟುಪಾಡಿಲ್ಲ. 2022ರ ಮೇ ತಿಂಗಳಿಂದ 2023ರ ಫೆಬ್ರುವರಿವರೆಗೆ ರೆಪೊ ಶೇ 4ರಿಂದ 6.5ಕ್ಕೆ ಏರಿತು. ಸಾಲದ ದರ ಅದರ ಬೆನ್ನಿಗೇ ಏರಿತು. ದೇಶದ ಅತಿದೊಡ್ಡ ಬ್ಯಾಂಕಾದ ಸ್ಟೇಟ್ ಬ್ಯಾಂಕಿನ ಸಾಮಾನ್ಯ ಉಳಿತಾಯ ಖಾತೆಯ ದರ ಅಷ್ಟೂ ಕಾಲ ಶೇ 2.7ರಲ್ಲೇ ಕೂತಿತ್ತು, ಎರಡೂವರೆ ಅಂಶದ ಏರಿಕೆಯಲ್ಲಿ ಒಂದು ಕಾಸೂ ಅದಕ್ಕೆ ಸೇರಲಿಲ್ಲ. 2025ರಲ್ಲಿ ರೆಪೊ ಇಳಿದಾಗ ಮಾತ್ರ ಅದು ಜೂನ್‌ನಲ್ಲೇ ಶೇ 2.5ಕ್ಕೆ ಇಳಿಯಿತು. ಏರುವಾಗ ಕಿವುಡು, ಇಳಿಯುವಾಗ ಚುರುಕು ಕಿವಿ. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂಬ ಗಾದೆ ಕಟ್ಟಿದವರಿಗೆ ರೆಪೊ ಗೊತ್ತಿರಲಿಲ್ಲ, ವಿಷಯ ಗೊತ್ತಿತ್ತು.

ಇಷ್ಟೇ ಆಗಿದ್ದರೆ ಇದು ಸಾಲಗಾರ ಮತ್ತು ಠೇವಣಿದಾರರ ನಡುವಿನ ಹಳೆಯ ಜಗಳ. ಇದನ್ನು ಬೇರೆಯೇ ಜಗಳವಾಗಿಸಿರುವುದು ವಲಸೆ. ಒಂದೇ ಮನೆಯ ಎರಡು ವಯಸ್ಸುಗಳನ್ನು ಅದು ಎರಡು ಜಿಲ್ಲೆಗಳಿಗೆ, ಎರಡು ರಾಜ್ಯಗಳಿಗೆ ಹಂಚಿಬಿಟ್ಟಿದೆ. ಹೊರಟವರು ಸಾಲ ಮಾಡುವ ವಯಸ್ಸಿನವರು. ಉಳಿದವರು ಉಳಿತಾಯ ತಿನ್ನುವ ವಯಸ್ಸಿನವರು. ಮುಂಬೈಯ ಹೋಟೆಲುಗಳನ್ನು ಕಟ್ಟಿದ ಉಡುಪಿ ಜಿಲ್ಲೆಯನ್ನೇ ನೋಡಿ. 2011ರ ಜನಗಣತಿಯಲ್ಲಿ ಅಲ್ಲಿ 1,000 ಗಂಡಸರಿಗೆ 1,094 ಹೆಂಗಸರಿದ್ದರು. ಇದು ಹೆಣ್ಣುಮಕ್ಕಳ ಬಗ್ಗೆ ಹೇಳುವುದಕ್ಕಿಂತ ಊರಿನಲ್ಲಿಲ್ಲದ ಗಂಡಸರ ಬಗ್ಗೆ ಹೆಚ್ಚು ಹೇಳುವ ಅಂಕಿ. 2001ರಿಂದ 2011ರ ನಡುವೆ ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ ಶೇ 47ರಷ್ಟು ಬೆಳೆದಾಗ ಉಡುಪಿಯದು ಬೆಳೆದದ್ದು ಶೇ 6ಕ್ಕೂ ಕಡಿಮೆ. ಕೊಡಗಿನದು ಶೇ 1ರ ಆಸುಪಾಸು. ಚಿಕ್ಕಮಗಳೂರಿನಲ್ಲಿ ಜನಸಂಖ್ಯೆ ತುಸು ಇಳಿದೇ ಹೋಯಿತು. 2021ರಲ್ಲಿ ಆಗಬೇಕಿದ್ದ ಜನಗಣತಿ 2027ಕ್ಕೆ ಜಾರಿದೆ, ಹಾಗಾಗಿ ಜಿಲ್ಲೆಗಳ ಮಟ್ಟಿಗೆ ದೇಶ ಇನ್ನೂ ಹದಿನೈದು ವರ್ಷ ಹಿಂದಿನ ಕನ್ನಡಿಯಲ್ಲೇ ಮುಖ ನೋಡಿಕೊಳ್ಳುತ್ತಿದೆ.

ಉಡುಪಿಗೆ ಇನ್ನೂ ಒಂದು ವಿಶೇಷ. ಪಕ್ಕದ ಮಂಗಳೂರನ್ನೂ ಸೇರಿಸಿಕೊಂಡರೆ ಇದು ಬ್ಯಾಂಕುಗಳ ತವರು: ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯಾ, ಕರ್ಣಾಟಕ ಬ್ಯಾಂಕ್. ಮನೆಮನೆಗೆ ಹೋಗಿ ಪುಡಿಗಾಸು ಕೂಡಿಸುವ ಪಿಗ್ಮಿಯನ್ನು ಸಿಂಡಿಕೇಟ್ ಬ್ಯಾಂಕ್ ಶುರುಮಾಡಿದ್ದು 1928ರಲ್ಲಿ. ಠೇವಣಿ ಇಡುವುದು ಇಲ್ಲಿ ಒಂದು ಸಂಸ್ಕೃತಿ. ಇಟ್ಟ ಠೇವಣಿಗೆ ತಕ್ಕ ಸಾಲ ಜಿಲ್ಲೆಯೊಳಗೆ ಹೋಗುತ್ತಿಲ್ಲ ಎಂಬುದು ಉಡುಪಿಯ ಬ್ಯಾಂಕಿಂಗ್ ಸಭೆಗಳ ಹಳೆಯ ದೂರು. ಸಾಲ ಕೇಳುವ ವಯಸ್ಸಿನವರು ಜಿಲ್ಲೆಯಲ್ಲಿ ಇದ್ದರಲ್ಲವೇ ಸಾಲ ಹೋಗುವುದು? ಮಗ ಹೋದ ದಾರಿಯಲ್ಲೇ ಅಪ್ಪನ ದುಡ್ಡೂ ಹೋಗಿದೆ. ಇಲ್ಲಿ ಠೇವಣಿ, ಅಲ್ಲಿ ಫ್ಲ್ಯಾಟು. ಐದರಲ್ಲಿ ಮೂರು ಬ್ಯಾಂಕುಗಳು 2019, 2020ರ ವಿಲೀನಗಳಲ್ಲಿ ಹೆಸರನ್ನೇ ಕಳೆದುಕೊಂಡವು, ಅದು ಬೇರೆಯೇ ಕತೆ.

ಹೀಗೆ ವಯಸ್ಸು ಭೂಪಟದ ಮೇಲೆ ವಿಂಗಡವಾದ ಮೇಲೆ ಇಡೀ ದೇಶಕ್ಕೆ ಒಂದೇ ಬಡ್ಡಿದರ ಎಂಬುದು ತಟಸ್ಥ ತೀರ್ಮಾನವಲ್ಲ. ದರ ಇಳಿದಾಗ ಆದಾಯ ಹರಿಯುವುದು ಹಿರಿಯರು ಹೆಚ್ಚಿರುವ ಊರುಗಳಿಂದ ಕಿರಿಯರು ಹೆಚ್ಚಿರುವ ನಗರಗಳಿಗೆ. ಏರಿದಾಗ ಅದು ಹಿಂದಕ್ಕೆ ಬರಬೇಕು, ಆದರೆ ಉಳಿತಾಯ ಖಾತೆಯ ಉದಾಹರಣೆಯಲ್ಲಿ ಕಂಡಂತೆ ಪೂರ್ತಿ ಬರುವುದಿಲ್ಲ. ಯಾರೂ ಮತ ಹಾಕದ, ಯಾವ ಬಜೆಟ್ಟಿನಲ್ಲೂ ಕಾಣದ ವರ್ಗಾವಣೆ ಇದು.

ಈ ವರ್ಗಾವಣೆಯನ್ನು ಕಾಣದಂತೆ ಮಾಡಿದ ಪದವೊಂದಿದೆ: ಡೆಮೊಗ್ರಾಫಿಕ್ ಡಿವಿಡೆಂಡ್. ಕನ್ನಡಕ್ಕೆ ಇದನ್ನು ಜನಸಂಖ್ಯಾ ಲಾಭಾಂಶ ಎಂದು ತಂದಾಗ ಒಳಗಿನ ಪೊಳ್ಳು ಇನ್ನೂ ಚೆನ್ನಾಗಿ ಕಾಣುತ್ತದೆ. ಲಾಭಾಂಶ ಸಿಗುವುದು ಬಂಡವಾಳ ಹೂಡಿದವರಿಗೆ. ಇಪ್ಪತ್ತು ವರ್ಷ ಹುಡುಗನಿಗೆ ಉಣಿಸಿ, ಓದಿಸಿ, ಜ್ವರ ಬಂದಾಗ ರಾತ್ರಿ ಕೂತು ಬೆಳೆಸಿದ್ದು ಒಂದು ಊರು. ಅವನ ತೆರಿಗೆ, ಅವನ ಖರ್ಚು, ಅವನ ಬಾಡಿಗೆ ಹೋಗುವುದು ಇನ್ನೊಂದು ಊರಿಗೆ. ಹೂಡಿಕೆದಾರನಿಗೆ ಸಿಗದ ಲಾಭವನ್ನು ಲಾಭಾಂಶ ಎಂದು ಯಾವ ಲೆಕ್ಕಪರಿಶೋಧಕನೂ ಬರೆಯಲಾರ.

ವಲಸೆ ಮುಪ್ಪಿಗೆ ಮದ್ದು ಎಂಬ ಮಾತೂ ಇದೇ ಜಾತಿಯದು. ಕೇರಳದಲ್ಲಿ 2021ಕ್ಕೆ 60 ದಾಟಿದವರು ಶೇ 16.5, ತಮಿಳುನಾಡಿನಲ್ಲಿ ಶೇ 13.6, ಬಿಹಾರದಲ್ಲಿ ಶೇ 7.7 ಎಂದು ಸರ್ಕಾರಿ ಅಂದಾಜು. ಹಾಗಾದರೆ ಬಿಹಾರದ, ಬಂಗಾಳದ ಹುಡುಗರು ದಕ್ಷಿಣಕ್ಕೆ ಬಂದರೆ ಎಲ್ಲ ಸಮವಾಯಿತಲ್ಲ ಎನ್ನುತ್ತಾರೆ. ಕೇರಳ ಈ ಕೆಲಸಗಾರರನ್ನು ಕರೆಯುವ ಹೆಸರೇ ಉತ್ತರ ಹೇಳುತ್ತದೆ: ಅತಿಥಿ ತೊಳಿಲಾಳಿ, ಅಂದರೆ ಅತಿಥಿ ಕಾರ್ಮಿಕ. ಮರ್ಯಾದೆಯ ಪದ, ಅನುಮಾನವಿಲ್ಲ. 2017ರಲ್ಲಿ ಅವರಿಗೆಂದೇ ಆವಾಜ್ ಎಂಬ ವಿಮಾ ಯೋಜನೆ ತಂದ ರಾಜ್ಯ ಅದು. ಆದರೆ ಅತಿಥಿ ಎಂದರೆ ತಿರುಗಿ ಹೋಗುವವನು. ಅವನ ತೋಳು ಎರ್ನಾಕುಲಂಗೆ, ಅವನ ಮಂಡಿನೋವು ಮುರ್ಷಿದಾಬಾದಿಗೆ. ಮುಪ್ಪು ಕಡಿಮೆಯಾಗಲಿಲ್ಲ, ವಿಳಾಸ ಬದಲಾಯಿತು. ಅದೂ ಆಸ್ಪತ್ರೆ, ಪಿಂಚಣಿ, ಉಳಿತಾಯ ಮೂರೂ ಕಡಿಮೆಯಿರುವ ವಿಳಾಸಕ್ಕೆ.

ಒಂದು ಹಣ, ಹಲವು ಪ್ರದೇಶ ಎಂಬ ಪ್ರಶ್ನೆಗೆ ಅರ್ಥಶಾಸ್ತ್ರದಲ್ಲಿ ಪ್ರಸಿದ್ಧ ಉತ್ತರವೊಂದಿದೆ. ಕೆನಡಾದ ರಾಬರ್ಟ್ ಮಂಡೆಲ್ 1961ರಲ್ಲಿ ಬರೆದ ಸಣ್ಣ ಪ್ರಬಂಧ ಅದು. 1999ರ ನೊಬೆಲ್ ಗೌರವದ ಹಿಂದೆ ಅದೂ ಇತ್ತು. ಸ್ಥೂಲವಾಗಿ ಅವನ ವಾದ ಇಷ್ಟು: ಒಂದು ಕಡೆ ಕೆಲಸ ಕಡಿಮೆಯಾಗಿ ಇನ್ನೊಂದು ಕಡೆ ಹೆಚ್ಚಾದಾಗ ಎರಡಕ್ಕೂ ಬೇರೆ ಬೇರೆ ಹಣವಿದ್ದರೆ ವಿನಿಮಯ ದರ ಅದನ್ನು ಸರಿತೂಗಿಸುತ್ತದೆ. ಒಂದೇ ಹಣವಿದ್ದರೆ ಜನ ಸರಿದು ಸರಿತೂಗಿಸಬೇಕು. ಜನ ಎಲ್ಲಿಯವರೆಗೆ ಸಲೀಸಾಗಿ ಸರಿಯುತ್ತಾರೋ ಅಲ್ಲಿಯವರೆಗೆ ಒಂದು ಹಣ ನಡೆದೀತು. ಭಾರತದ ಮಟ್ಟಿಗೆ ಇದು ಪುಸ್ತಕದ ಮಾತಲ್ಲ. 2011ರಿಂದ 2016ರ ನಡುವೆ ವರ್ಷಕ್ಕೆ ಸುಮಾರು 90 ಲಕ್ಷ ಜನ ರಾಜ್ಯದಿಂದ ರಾಜ್ಯಕ್ಕೆ ಸರಿದರು ಎಂದು 2016–17ರ ಆರ್ಥಿಕ ಸಮೀಕ್ಷೆ ರೈಲು ಪ್ರಯಾಣದ ಲೆಕ್ಕ ಹಿಡಿದು ಅಂದಾಜಿಸಿತ್ತು. ರೂಪಾಯಿಯನ್ನು ಒಂದಾಗಿ ಹಿಡಿದಿಟ್ಟಿರುವುದರಲ್ಲಿ ಕಾಯ್ದಿರಿಸದ ಬೋಗಿಗಳ ಪಾಲು ದೊಡ್ಡದು.

ಆದರೆ ಮಂಡೆಲನ ಸೂತ್ರದಲ್ಲಿ ಜನ ಎಂದರೆ ದುಡಿಮೆಗಾರರು. ಎಪ್ಪತ್ತೆರಡರ ಅಮ್ಮ, ತುಳಸಿಕಟ್ಟೆ, ಎರಡು ದನ, ಪಕ್ಕದ ಮನೆಯ ಗೆಳತಿ, ನಡೆದು ಹೋಗಬಹುದಾದ ಡಾಕ್ಟರ ಕ್ಲಿನಿಕ್ಕು, ಇವು ಸರಿಯುವುದಿಲ್ಲ. ಸರಿದರೂ ಥಾಣೆಯ ಹನ್ನೊಂದನೇ ಮಹಡಿಯಲ್ಲಿ ಹಿಂದಿ ಬಾರದ ಅಮ್ಮ ಏನಾಗುತ್ತಾಳೆಂಬುದು ಈ ಪತ್ರ ಓದುವ ಬಹಳ ಮನೆಗಳಿಗೆ ಹೊಸದಲ್ಲ. ಸೂತ್ರ ಸುಳ್ಳಲ್ಲ. ಅದು ಕೆಲಸ ಮಾಡುತ್ತದೆ, ಅದರ ಬಿಲ್ಲು ಸರಿಯಲಾಗದವರ ಕೈಗೆ ಬರುತ್ತದೆ.

ಇದು ಭಾರತದ್ದು ಮಾತ್ರ ಅಲ್ಲ. ಲಾಟ್ವಿಯಾ 2004ರಲ್ಲಿ ಐರೋಪ್ಯ ಒಕ್ಕೂಟ ಸೇರಿತು, 2014ರಲ್ಲಿ ಯೂರೊ ತೆಗೆದುಕೊಂಡಿತು. 2000ದಲ್ಲಿ 24 ಲಕ್ಷದ ಹತ್ತಿರವಿದ್ದ ಜನಸಂಖ್ಯೆ 2021ರ ಹೊತ್ತಿಗೆ 19 ಲಕ್ಷಕ್ಕಿಂತ ಕೆಳಗಿಳಿದಿತ್ತು. ಹುಟ್ಟು ಕಡಿಮೆಯಾದದ್ದು ಒಂದು ಕಾರಣ, ಎಳೆಯರು ಬ್ರಿಟನ್, ಐರ್ಲೆಂಡ್, ಜರ್ಮನಿಗೆ ಹೋದದ್ದು ಇನ್ನೊಂದು. 2022ರ ಶರತ್ಕಾಲದಲ್ಲಿ ಯೂರೊ ವಲಯದ ಹಣದುಬ್ಬರ ಶೇ 10.6 ಮುಟ್ಟಿದಾಗ ಲಾಟ್ವಿಯಾದಲ್ಲಿ ಅದು ಶೇ 20 ದಾಟಿತ್ತು. ಬಡ್ಡಿದರ ಮಾತ್ರ ಫ್ರಾಂಕ್‌ಫರ್ಟಿನಲ್ಲಿ ಎಲ್ಲರಿಗೂ ಒಂದೇ. ಅಲ್ಲಿ ಈ ವಿಷಯಕ್ಕೆ ಜಗಳವಾದರೂ ಆಗುತ್ತದೆ, ಏಕೆಂದರೆ ಲಾಟ್ವಿಯಾ ಒಂದು ದೇಶ, ಅದರ ಗವರ್ನರನಿಗೆ ಮೇಜಿನಲ್ಲಿ ಕುರ್ಚಿಯಿದೆ. ಉಡುಪಿಗೋ, ಪತ್ತನಂತಿಟ್ಟಕ್ಕೋ, ಗಢವಾಲದ ಖಾಲಿ ಹಳ್ಳಿಗಳಿಗೋ ಅಂಥ ಕುರ್ಚಿಯಿಲ್ಲ.

ಮುಪ್ಪಾದ ಸಮಾಜದಲ್ಲಿ ಬಡ್ಡಿ ಏರುತ್ತದೋ ಇಳಿಯುತ್ತದೋ ಎಂಬ ಬಗ್ಗೆ ಪಂಡಿತರಲ್ಲೇ ಒಮ್ಮತವಿಲ್ಲ. ಜಪಾನನ್ನು ತೋರಿಸಿ ಇಳಿಯುತ್ತದೆ ಎನ್ನುವವರಿದ್ದಾರೆ. ದುಡಿಯುವ ಕೈ ಕಡಿಮೆಯಾದರೆ ಕೂಲಿಯೂ ಬೆಲೆಯೂ ಏರುತ್ತವೆ, ಬಡ್ಡಿಯೂ ಹಿಂಬಾಲಿಸುತ್ತದೆ ಎಂದು ಚಾರ್ಲ್ಸ್ ಗುಡ್‌ಹಾರ್ಟ್ ಮತ್ತು ಮನೋಜ್ ಪ್ರಧಾನ್ 2020ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಎರಡೂ ಪಕ್ಷ ಮಾತಾಡುವುದು ದೇಶದ ಸರಾಸರಿಯ ಬಗ್ಗೆ. ಜಿಲ್ಲೆಗಿಳಿದು ನೋಡಿದರೆ ಎರಡೂ ಒಟ್ಟಿಗೆ ನಡೆಯುತ್ತಿವೆ. ಕರಾವಳಿಯ ಹಿರಿಯರ ಠೇವಣಿ ಬಡ್ಡಿ ಇಳಿಯುತ್ತಿದೆ. ಅವರು ಕೊಳ್ಳಬೇಕಾದ ಸೇವೆಯ ಬೆಲೆ ಏರುತ್ತಿದೆ. ತೆಂಗಿನ ಮರ ಹತ್ತುವವರು, ಅಡಿಕೆ ಕೊಯ್ಯುವವರು, ರಾತ್ರಿ ಜೊತೆಗಿರುವ ಹೋಮ್ ನರ್ಸ್, ಆಸ್ಪತ್ರೆಗೆ ಕರೆದೊಯ್ಯುವ ಆಟೋದವನು: ಊರಿನ ಎಳೆಯರು ಹೊರಟ ಮೇಲೆ ಇವರೆಲ್ಲ ಕಡಿಮೆಯಾದರು, ಇದ್ದವರ ದಿನಗೂಲಿ ಏರಿತು. ಉತ್ತರ ಕರ್ನಾಟಕದಿಂದ, ಒಡಿಶಾದಿಂದ, ಜಾರ್ಖಂಡದಿಂದ ಬಂದವರು ಗಾರೆ ಕೆಲಸಕ್ಕೆ, ಹೋಟೆಲಿಗೆ ಆಸರೆಯಾದರು. ಅಜ್ಜನ ಡಯಾಪರ್ ಬದಲಿಸುವ ಕೆಲಸಕ್ಕೆ ಭಾಷೆ ಬೇಕು, ವಿಶ್ವಾಸ ಬೇಕು, ಅದು ಅಷ್ಟು ಸುಲಭದ ಬದಲಿಯಲ್ಲ. ಈ ಬಗೆಯ ಬೆಲೆಯೇರಿಕೆಯನ್ನು ಬಡ್ಡಿದರ ಏರಿಸಿ ತಗ್ಗಿಸಲಾಗದು. ಆರೈಕೆ ಮಾಡುವವರ ಕೊರತೆಗೆ ರೆಪೊದಲ್ಲಿ ಔಷಧಿಯಿಲ್ಲ.

ಈಗ ಎದುರು ವಾದಗಳು. ಗಟ್ಟಿಯಾದದ್ದು ಇದು: ಮುದುಕರಿಗೆ ಮುಖ್ಯವಾದದ್ದು ಬಡ್ಡಿದರವಲ್ಲ, ಹಣದುಬ್ಬರ ಕಳೆದು ಉಳಿಯುವ ನಿಜ ಬಡ್ಡಿ. 2025ರ ಅಕ್ಟೋಬರ್‌ನಲ್ಲಿ ಚಿಲ್ಲರೆ ಹಣದುಬ್ಬರ ಶೇ 0.25ಕ್ಕೆ ಇಳಿದಿತ್ತು, ಆಗ ಶೇ 6ರ ಠೇವಣಿಯೂ ಲಾಭದ್ದೇ. ತತ್ವ ಒಪ್ಪತಕ್ಕದ್ದು. ಎರಡಂಕಿ ಬಡ್ಡಿಯ ತೊಂಬತ್ತರ ದಶಕವನ್ನು ನೆನೆದು ನಿಟ್ಟುಸಿರಿಡುವ ಹಿರಿಯರು ಆಗಿನ ಎರಡಂಕಿ ಬೆಲೆಯೇರಿಕೆಯನ್ನು ಮರೆತಿರುತ್ತಾರೆ. ಆದರೆ ಇದೇ ಅಳತೆಗೋಲನ್ನು 2020ರಿಂದ 2022ರವರೆಗೂ ಹಿಡಿಯಬೇಕಲ್ಲ? ರೆಪೊ ಶೇ 4ರಲ್ಲಿತ್ತು, ದೊಡ್ಡ ಬ್ಯಾಂಕುಗಳ ದೀರ್ಘಾವಧಿ ಠೇವಣಿಯೂ ಶೇ 5.5ರ ಆಸುಪಾಸಿನಲ್ಲಿತ್ತು, 2020–21ರ ಸರಾಸರಿ ಹಣದುಬ್ಬರ ಶೇ 6.2, 2022ರ ಏಪ್ರಿಲ್‌ನಲ್ಲಿ ಅದು ಶೇ 7.79. ಎರಡು ವರ್ಷ ಠೇವಣಿಯ ಅಸಲೇ ಕರಗಿತು. ಆ ದಿನಗಳಲ್ಲಿ ನಿಜ ಬಡ್ಡಿಯ ಪಾಠ ಹೇಳಲು ಇಷ್ಟು ಉತ್ಸಾಹ ಕಾಣಲಿಲ್ಲ.

ಇನ್ನು ಆ ಶೇ 0.25 ಯಾರ ಹಣದುಬ್ಬರ? ಅಂದು ಸೂಚ್ಯಂಕವನ್ನು ಕೆಳಗೆಳೆದದ್ದು ತರಕಾರಿ, ಬೇಳೆ. ಈ ನಿರ್ಧಾರಗಳೆಲ್ಲ ಆದದ್ದು 2012ನ್ನು ಆಧಾರ ವರ್ಷವಾಗಿಟ್ಟುಕೊಂಡ ಸರಣಿಯ ಮೇಲೆ. ಅದರಲ್ಲಿ ಆಹಾರ, ಪಾನೀಯದ ತೂಕ ಶೇ 45.86, ಆರೋಗ್ಯದ್ದು ಶೇ 5.89. ಬಿಪಿ, ಶುಗರ್, ಕಣ್ಣಿನ ಪೊರೆ, ಮಂಡಿ, ಎರಡು ಹೊತ್ತಿನ ಸಹಾಯಕಿ ಇರುವ ಮನೆಯಲ್ಲಿ ಆರೋಗ್ಯದ ತೂಕ ಅಷ್ಟೇ ಎಂದು ಯಾರಾದರೂ ನಂಬುವುದಾದರೆ ಅವರು ಒಮ್ಮೆ ಮೆಡಿಕಲ್ ಶಾಪಿನ ಸಾಲಿನಲ್ಲಿ ನಿಲ್ಲಲಿ. ಅಮೆರಿಕದಲ್ಲಿ 62 ದಾಟಿದವರ ಖರ್ಚಿನ ಬುಟ್ಟಿ ಹಿಡಿದು ಪ್ರಾಯೋಗಿಕವಾಗಿ ಪ್ರತ್ಯೇಕ ಬೆಲೆ ಸೂಚ್ಯಂಕವನ್ನು 1980ರ ದಶಕದಿಂದ ಲೆಕ್ಕ ಹಾಕುತ್ತಾರೆ. ಭಾರತದಲ್ಲಿ ಕೈಗಾರಿಕಾ ಕಾರ್ಮಿಕರಿಗೊಂದು, ಕೃಷಿ ಕಾರ್ಮಿಕರಿಗೊಂದು ಸೂಚ್ಯಂಕವಿದೆ. ಹಿರಿಯರಿಗಿಲ್ಲ. ಅಳೆಯದ ನೋವು ಕಡತಕ್ಕೆ ಬರುವುದಿಲ್ಲ.

ಇನ್ನೊಂದು ವಾದ: ಹಂಚಿಕೆ ಸರ್ಕಾರದ ಕೆಲಸ, ರಿಸರ್ವ್ ಬ್ಯಾಂಕಿನದಲ್ಲ. 2016ರ ತಿದ್ದುಪಡಿ ಅದಕ್ಕೆ ಕೊಟ್ಟಿರುವುದು ಬೆಳವಣಿಗೆಯನ್ನು ಗಮನದಲ್ಲಿಟ್ಟು ಬೆಲೆ ಸ್ಥಿರತೆ ಕಾಯುವ ಕೆಲಸ, ಹಣದುಬ್ಬರವನ್ನು ಶೇ 4ರ ಸುತ್ತ ಎರಡು ಅಂಶದೊಳಗೆ ಹಿಡಿದಿಡುವ ಗುರಿ. ಸರಿ, ಹಾಗಾದರೆ ಸರ್ಕಾರ ಏನು ಮಾಡಿದೆ? ಹಿರಿಯ ನಾಗರಿಕರ ಉಳಿತಾಯ ಯೋಜನೆಯ ಮಿತಿಯನ್ನು 2023ರ ಬಜೆಟ್ 15 ಲಕ್ಷದಿಂದ 30 ಲಕ್ಷಕ್ಕೇರಿಸಿತು, ಬಡ್ಡಿ ಶೇ 8.2. ಒಳ್ಳೆಯದೇ. ಅದು 30 ಲಕ್ಷ ಇರುವವರಿಗೆ. ಇಲ್ಲದವರಿಗೆ ಇಂದಿರಾ ಗಾಂಧಿ ರಾಷ್ಟ್ರೀಯ ವೃದ್ಧಾಪ್ಯ ಪಿಂಚಣಿ. ಅದರಲ್ಲಿ ಕೇಂದ್ರದ ಪಾಲು, 80 ತುಂಬದವರಿಗೆ, ತಿಂಗಳಿಗೆ 200 ರೂಪಾಯಿ. 2007ರಲ್ಲಿ ಯೋಜನೆಗೆ ಈ ಹೆಸರು ಬಂದಾಗಲೂ 200, ಈಗಲೂ 200. ಅಂದಿನಿಂದ ಬೆಲೆಗಳು ಹೆಚ್ಚುಕಡಿಮೆ ಮೂರು ಪಟ್ಟಾಗಿವೆ. ರಾಜ್ಯಗಳು ತಮ್ಮ ಕೈಯಿಂದ ಸೇರಿಸುತ್ತವೆ, ಕರ್ನಾಟಕದ ಸಂಧ್ಯಾ ಸುರಕ್ಷಾ 1,200 ರೂಪಾಯಿ ಕೊಡುತ್ತದೆ. ದೇಶದ ಪಾಲು ಮಾತ್ರ ಆ ಎರಡು ನೂರರ ನೋಟು. ಬಿಹಾರದಿಂದ ಕೇರಳಕ್ಕೆ ಹೋಗಿ ಇಪ್ಪತ್ತು ವರ್ಷ ಗಾರೆ ಕಲಸಿ ತಿರುಗಿ ಬಂದವನ ಮುಪ್ಪಿಗೆ ದೇಶದ ಕೊಡುಗೆ ಅಷ್ಟು.

ಬೆಲೆಯೇರಿಕೆಗೆ ಕಟ್ಟಿದ ಪಿಂಚಣಿ ಕೊಡಲು ಬರುವುದಿಲ್ಲ ಎಂದಲ್ಲ. 2018ರ ಹಣಕಾಸು ಕಾಯ್ದೆ ಸಂಸದರ ವೇತನವನ್ನು ಹಣದುಬ್ಬರದ ಸೂಚ್ಯಂಕಕ್ಕೆ ಕಟ್ಟಿತು. 2025ರ ಮಾರ್ಚ್‌ನಲ್ಲಿ ಅವರ ವೇತನ 1 ಲಕ್ಷದಿಂದ 1.24 ಲಕ್ಷಕ್ಕೆ, ಮಾಜಿಗಳ ಪಿಂಚಣಿ 25,000ದಿಂದ 31,000ಕ್ಕೆ ಏರಿತು. ಸರ್ಕಾರಿ ನೌಕರರ ತುಟ್ಟಿಭತ್ಯೆ ವರ್ಷಕ್ಕೆರಡು ಸಲ ಪರಿಷ್ಕರಣೆಯಾಗುತ್ತದೆ. ಸೂಚ್ಯಂಕಕ್ಕೆ ಕಟ್ಟುವ ಹಗ್ಗ ಇದೆ, ಉದ್ದವೂ ಸಾಲುತ್ತದೆ. ಕಟ್ಟಬೇಕಾದವರು ಮಾತ್ರ ದೆಹಲಿಯಲ್ಲಿಲ್ಲ.

ಠೇವಣಿಯನ್ನೂ ಹಾಗೆ ಕಟ್ಟುವ ಪ್ರಯತ್ನವೊಂದು ಆಗಿತ್ತು. 2013ರ ಡಿಸೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಹಣದುಬ್ಬರಕ್ಕಿಂತ ಒಂದೂವರೆ ಅಂಶ ಹೆಚ್ಚು ಬಡ್ಡಿಯ ಉಳಿತಾಯ ಪತ್ರಗಳನ್ನು ತಂದಿತು. ಕಾಗದದ ಮೇಲೆ ಹಿರಿಯರಿಗೆ ಹೇಳಿ ಮಾಡಿಸಿದ್ದು. ಆದರೆ ಬಡ್ಡಿ ತಿಂಗಳಿಗಾಗಲಿ ವರ್ಷಕ್ಕಾಗಲಿ ಕೈಗೆ ಬರುತ್ತಿರಲಿಲ್ಲ, ಅಸಲಿನ ಜೊತೆ ಕೂಡುತ್ತ ಹತ್ತು ವರ್ಷದ ಕೊನೆಗೆ ಒಟ್ಟಿಗೆ ಸಿಗುತ್ತಿತ್ತು. ಎಪ್ಪತ್ತರ ಮನುಷ್ಯನಿಗೆ ಎಂಬತ್ತಕ್ಕೆ ಬಾ ಎಂದಂತೆ. ಜನ ಕೊಳ್ಳಲಿಲ್ಲ, ಕೆಲವೇ ತಿಂಗಳಲ್ಲಿ ಮಾರಾಟ ನಿಂತಿತು. ಬೇಡಿಕೆಯಿಲ್ಲ ಎಂಬುದು ಅದರಿಂದ ಕಲಿತ ಪಾಠವಾಯಿತು. ವಿನ್ಯಾಸ ಕೆಟ್ಟಿತ್ತು ಎಂಬುದು ಆಗಬೇಕಿತ್ತು.

ಉಳಿದದ್ದು ಮಕ್ಕಳ ಹೊಣೆ. ಅದನ್ನೂ ಕಾನೂನು ಮಾಡಿಯಾಗಿದೆ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪಾಲನೆಯ ಕಾಯ್ದೆಯಡಿ ಅಪ್ಪ ಅಮ್ಮ ಮಕ್ಕಳ ಮೇಲೆ ಜೀವನಾಂಶಕ್ಕೆ ಅರ್ಜಿ ಹಾಕಬಹುದು. ಮಿತಿ ತಿಂಗಳಿಗೆ 10,000. ಹಣನೀತಿ ಬಿಟ್ಟುಕೊಟ್ಟ ಜಾಗವನ್ನು ನ್ಯಾಯಮಂಡಳಿ ತುಂಬಬೇಕು! ಯಾವ ಅಮ್ಮ ಮಗನ ಮೇಲೆ ಅರ್ಜಿ ಹಾಕುತ್ತಾಳೆ? ಹಾಕಿದವರ ಮನೆಯಲ್ಲಿ ಆಮೇಲೆ ಏನು ಉಳಿಯುತ್ತದೆ?

2024ರ ಅಕ್ಟೋಬರ್‌ನಲ್ಲಿ ಚಂದ್ರಬಾಬು ನಾಯ್ಡು, ಸ್ಟಾಲಿನ್ ಇಬ್ಬರೂ ಹೆಚ್ಚು ಮಕ್ಕಳ ಮಾತಾಡಿದರು. ಎರಡಕ್ಕಿಂತ ಹೆಚ್ಚು ಮಕ್ಕಳಿದ್ದವರಿಗೆ ಸ್ಥಳೀಯ ಚುನಾವಣೆ ಬೇಡ ಎಂದಿದ್ದ ನಿಯಮವನ್ನು ಆಂಧ್ರ ಅದೇ ನವೆಂಬರ್‌ನಲ್ಲಿ ತೆಗೆದುಹಾಕಿತು. ಆ ನಿಯಮ ಹೋದದ್ದು ಸರಿಯೇ. ಆದರೆ ಇಂದು ಹುಟ್ಟುವ ಮಗು ದುಡಿಯಲು ಇಪ್ಪತ್ತು ವರ್ಷ ಬೇಕು, ದುಡಿಯಲು ಹೋಗುವುದು ಹೈದರಾಬಾದಿಗೋ ಬೆಂಗಳೂರಿಗೋ ಟೆಕ್ಸಾಸಿಗೋ. ಶ್ರೀಕಾಕುಳಂನ ಅಜ್ಜಿಗೆ ಅದರಿಂದ ಸಿಗುವುದು ವಿಡಿಯೊ ಕಾಲ್. ಕರ್ನಾಟಕದ ಒಟ್ಟು ಫಲವತ್ತತೆ 2019–21ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲೇ 1.7 ಇತ್ತು, ಕೇರಳದ್ದು 1.8. ಅದನ್ನು ಭಾಷಣ ತಿರುಗಿಸುವುದಿಲ್ಲ. ಈಗಾಗಲೇ ಹುಟ್ಟಿ, ದುಡಿದು, ಮುದುಕರಾದವರ ಪಾಲು ಕೊಡದೆ ಹುಟ್ಟದವರನ್ನು ಕರೆಯುವುದು ಹಳೆಯ ಸಾಲ ತೀರಿಸದೆ ಹೊಸ ಸಾಲ ಕೇಳಿದ ಹಾಗೆ.

ಮಗನ ಕಂತು ಏರಿಸಿ ಅಪ್ಪನ ಬಡ್ಡಿ ಏರಿಸಿ ಎಂದು ಇಲ್ಲಿ ಯಾರೂ ಕೇಳುತ್ತಿಲ್ಲ. ಹಾಗೆ ಮಾಡಿದರೆ ಮಗನ ಕೆಲಸಕ್ಕೇ ಕುತ್ತು ಬಂದೀತು. ಎತ್ತು ಏರಿಗೆ, ಕೋಣ ನೀರಿಗೆ ಎಳೆಯುವ ಗಾಡಿಯಲ್ಲಿ ಎರಡನ್ನೂ ಒಂದೇ ಹಗ್ಗದಲ್ಲಿ ಸರಿಮಾಡಲಾಗದು. ಕೇಳಬೇಕಾದದ್ದು ಬೇರೆ ಹಗ್ಗಗಳನ್ನು. 60 ದಾಟಿದವರ ಬುಟ್ಟಿ ಹಿಡಿದ ಬೆಲೆ ಸೂಚ್ಯಂಕ ಪ್ರತಿ ತಿಂಗಳೂ ಪ್ರಕಟವಾಗಲಿ. 200 ರೂಪಾಯಿಯನ್ನು ಮೊದಲು ಇಂದಿನ ಬೆಲೆಗೆ ತಂದು, ಆಮೇಲೆ ಸಂಸದರ ವೇತನಕ್ಕೆ ಕಟ್ಟಿದ ಹಗ್ಗಕ್ಕೇ ಕಟ್ಟಲಿ. ಸಣ್ಣ ಠೇವಣಿದಾರ ಹಿರಿಯರಿಗೆ ಹಣದುಬ್ಬರಕ್ಕಿಂತ ಒಂದು ಅಂಶ ಹೆಚ್ಚು ಬಡ್ಡಿಯನ್ನು ಅಂಚೆ ಕಚೇರಿಯಲ್ಲಿ ತಿಂಗಳು ತಿಂಗಳು ಕೈಗೆ ಕೊಡುವ ಪತ್ರ ಬರಲಿ. ಸಾಲದ ದರ ರೆಪೊಗೆ ಕಡ್ಡಾಯವಾಗಿ ಕಟ್ಟಿರುವಾಗ ಹಿರಿಯರ ಉಳಿತಾಯ ಖಾತೆಯನ್ನೂ ಕಟ್ಟಲು ಏನು ಅಡ್ಡಿ? ದರ ನಿರ್ಧಾರವಾದ ದಿನ, ಅದರಿಂದ ಯಾವ ವಯಸ್ಸಿನ, ಯಾವ ಜಿಲ್ಲೆಯ ಮನೆಗಳು ಗಳಿಸಿದವು, ಯಾವುವು ಕಳೆದುಕೊಂಡವು ಎಂಬ ಅಂದಾಜೂ ಜೊತೆಗೇ ಬರಲಿ. ಠೇವಣಿ, ಸಾಲಗಳ ಜಿಲ್ಲಾವಾರು ಲೆಕ್ಕ ರಿಸರ್ವ್ ಬ್ಯಾಂಕಿನ ಬಳಿಯೇ ಇದೆ.

2021ರ ಏಪ್ರಿಲ್‌ನಿಂದ 2026ರ ಮಾರ್ಚ್‌ವರೆಗಿನ ಹಣದುಬ್ಬರ ಗುರಿಯ ಪರಿಶೀಲನೆಗಾಗಿ ರಿಸರ್ವ್ ಬ್ಯಾಂಕ್ 2025ರ ಆಗಸ್ಟ್‌ನಲ್ಲಿ ಚರ್ಚಾಪತ್ರ ಹೊರಡಿಸಿ ಸಾರ್ವಜನಿಕರ ಅಭಿಪ್ರಾಯ ಕೇಳಿತು. ಅದರಲ್ಲಿ ನಾಲ್ಕು ಪ್ರಶ್ನೆಗಳಿದ್ದವು: ಆಹಾರ ಸೇರಿದ ಹಣದುಬ್ಬರ ನೋಡಬೇಕೋ ಅದನ್ನು ಬಿಟ್ಟದ್ದೋ, ಶೇ 4ರ ಗುರಿ ಸರಿಯೋ, ಮೇಲೆ ಕೆಳಗಿನ ಎರಡು ಅಂಶದ ಸಡಿಲ ಸರಿಯೋ, ಗುರಿ ಬಿಟ್ಟು ಬರೀ ವ್ಯಾಪ್ತಿ ಸಾಕೋ. ಯಾರ ಬುಟ್ಟಿಯ ಬೆಲೆ ಎಂಬ ಪ್ರಶ್ನೆ ಅದರಲ್ಲಿರಲಿಲ್ಲ. ಗುರಿ ನಿಗದಿಯಾಗುವುದು ಐದು ವರ್ಷಕ್ಕೊಮ್ಮೆ. ಈ ಸರದಿಯ ನಂತರದ್ದು 2031ಕ್ಕೆ. ಆ ಹೊತ್ತಿಗೆ 60 ದಾಟಿದವರು ದೇಶದಲ್ಲಿ ಶೇ 13.1, ತಮಿಳುನಾಡಿನಲ್ಲಿ ಶೇ 18.2, ಕೇರಳದಲ್ಲಿ ಶೇ 20.9 ಇರುತ್ತಾರೆಂದು ಸರ್ಕಾರದ್ದೇ ಅಂದಾಜು.